ನನ್ನದೇ ಹೆಸರಿನ ಪ್ಲೇಟು

ಬೆಳಗ್ಗೆ ಪ್ರಯೋಗಾಲಯಕ್ಕೆ ಬಂದವಳೇ ಇನ್‌ಕ್ಯುಬೇಟರಿನ ಬಾಗಿಲು ತೆಗೆಯುವುದು ನನ್ನ 11 ವರ್ಷಗಳ ಅಭ್ಯಾಸ. 37 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇದ್ದ ಪ್ಲೇಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಬೇಕು. ಮೂತ್ರದ ಕಲ್ಚರಿಗೆ, ಅಂದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಬೆಳೆಸಿ ನೋಡುವ ಪರೀಕ್ಷೆಗೆ, ನಾವು ಪ್ಲೇಟಿನಲ್ಲಿ ಬಳಸುವ ಮಾಧ್ಯಮದ ಬಣ್ಣ ತಿಳಿಯಾದ ನೀಲಿ-ಹಸಿರು. ಇ. ಕೋಲೈ ಬ್ಯಾಕ್ಟೀರಿಯಾ ಬೆಳೆದರೆ ಅದರಲ್ಲಿರುವ ಲ್ಯಾಕ್ಟೋಸನ್ನು ಆಮ್ಲವಾಗಿಸಿ ಪ್ಲೇಟನ್ನು ಹಳದಿಗೆ ತಿರುಗಿಸುತ್ತದೆ. ಅದನ್ನು ಗುರುತಿಸಲು ಹತ್ತಿರ ಹೋಗಬೇಕಾಗಿಯೂ ಇಲ್ಲ. ಆ ದಿನ ಮೇಲಿನಿಂದ ಮೂರನೆಯ ಪ್ಲೇಟು ಹಳದಿಯಾಗಿತ್ತು. ತಳದಲ್ಲಿ ಬರೆದಿದ್ದ ಹೆಸರು ಓದಿದೆ. ನನ್ನದೇ ಅಕ್ಷರ, ನನ್ನದೇ ಹೆಸರು.

ಆಗ ನನಗೆ ಬಸುರಿನ 14ನೇ ವಾರ. ವಾಕರಿಕೆ ನಿಂತು, ಹಸಿವು ಮರಳಿ, ಬಹಳ ದಿನಗಳ ನಂತರ ಮೈ ಹಗುರವಾಗಿತ್ತು. ಉರಿಮೂತ್ರವಿಲ್ಲ, ಜ್ವರವಿಲ್ಲ, ಕಿಬ್ಬೊಟ್ಟೆಯಲ್ಲಿ ನೋವಿಲ್ಲ. ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತಿದ್ದೆ, ನಿಜ. ಆದರೆ ಬಸುರಿನಲ್ಲಿ ಅದನ್ನು ಯಾರು ಕಾಯಿಲೆಯೆಂದು ಎಣಿಸುತ್ತಾರೆ? ಹಿಂದಿನ ದಿನ ಡಿಪ್‌ಸ್ಟಿಕ್ ಎಂಬ ಪರೀಕ್ಷಾ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡಿದಾಗಲೂ ಸೋಂಕನ್ನು ಸೂಚಿಸುವ ನೈಟ್ರೈಟ್ ಇರಲಿಲ್ಲ, ಬಿಳಿ ರಕ್ತಕಣಗಳ ಸುಳಿವೂ ಇರಲಿಲ್ಲ. ಕಲ್ಚರಿಗೆ ಹಾಕಿದ್ದು ವೈದ್ಯೆ ಬರೆದುಕೊಟ್ಟಿದ್ದರು ಎನ್ನುವ ಒಂದೇ ಕಾರಣಕ್ಕೆ.

ಆ ಪಟ್ಟಿ ಏಕೆ ಸುಳ್ಳು ಹೇಳಿತು ಎಂದು ನಿಂತಲ್ಲೇ ಹೊಳೆಯಿತು. ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸಲು ಮೂತ್ರ ಸುಮಾರು 4 ಗಂಟೆ ಮೂತ್ರಕೋಶದಲ್ಲಿ ನಿಲ್ಲಬೇಕು. ಒಂದೂವರೆ ಗಂಟೆಗೊಮ್ಮೆ ಎದ್ದು ಹೋಗುವ ನನ್ನಂಥವಳಲ್ಲಿ ಅದಕ್ಕೆ ಸಮಯವೆಲ್ಲಿ? ಈ ಸೋಂಕನ್ನು ಹಿಡಿಯಲು ಪಟ್ಟಿ ಸಾಲದು, ಕಲ್ಚರೇ ಆಗಬೇಕು ಎಂದು ನಾನೇ ಎಷ್ಟೋ ಮಂದಿಗೆ ಹೇಳಿದ್ದೇನೆ.

ಪ್ಲೇಟನ್ನು ನಾನು ಎಣಿಸಲಿಲ್ಲ. ನಮ್ಮ ಹಿರಿಯ ತಂತ್ರಜ್ಞೆ ಅದನ್ನು ಕೈಯಿಂದ ತೆಗೆದುಕೊಂಡು, "ನಿನ್ನದನ್ನು ನೀನು ನೋಡಬಾರದಮ್ಮ, ಕೊಡು" ಎಂದರು. ನಾವು ಮೂತ್ರವನ್ನು ಹಚ್ಚುವ ಲೂಪಿನ ತುದಿಯ ಬಳೆ ಹಿಡಿಯುವುದು ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗ. ಹಾಗಾಗಿ ಪ್ಲೇಟಿನಲ್ಲಿ 100 ಕಾಲೊನಿ, ಅಂದರೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆಗಳು, ಕಂಡರೆ ಮಿಲಿಲೀಟರಿಗೆ 1 ಲಕ್ಷ ಎಂದು ಲೆಕ್ಕ. ಅಷ್ಟು ಅಥವಾ ಹೆಚ್ಚು ಇದ್ದರೆ ಸೋಂಕು ಎನ್ನುವ ಈ 1 ಲಕ್ಷದ ಗೆರೆ 1950ರ ದಶಕದಲ್ಲಿ ಅಮೆರಿಕದ ವೈದ್ಯ ಎಡ್ವರ್ಡ್ ಕಾಸ್ ಅವರ ಅಧ್ಯಯನಗಳಿಂದ ಬಂದದ್ದು, ಇಂದಿಗೂ ಅದೇ ನಡೆಯುತ್ತಿದೆ. ನನ್ನ ಪ್ಲೇಟಿನಲ್ಲಿ ಎಣಿಸುವಂತೆಯೇ ಇರಲಿಲ್ಲ. ಕಾಲೊನಿಗಳು ಒಂದಕ್ಕೊಂದು ತಾಗಿಕೊಂಡು ಕೂತಿದ್ದವು. ಎಲ್ಲವೂ ಒಂದೇ ಬಗೆ, ಕಲಬೆರಕೆಯಿಲ್ಲ. ಆದರೂ ಅವರು ಇನ್ನೊಂದು ಮಾದರಿ ಕೇಳಿದರು. ಮೊದಲು ಬರುವುದನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿದು ಕೊಟ್ಟೆ. ಮರುದಿನ ಅದೂ ಹಳದಿ.

ಆ ರಾತ್ರಿ ನಿದ್ದೆ ಬರಲಿಲ್ಲ. ಕೆಲವು ವರ್ಷಗಳ ಹಿಂದೆ ಬಂದಿದ್ದ ಒಬ್ಬ ಗರ್ಭಿಣಿಯ ಮುಖ ಕಣ್ಣ ಮುಂದೆ ಬರುತ್ತಿತ್ತು. ಆಕೆಯ ಬಾಟಲಿಯಲ್ಲಿ ಮೂರು ನಾಲ್ಕು ಬಗೆಯ ಬ್ಯಾಕ್ಟೀರಿಯಾ ಬೆಳೆದಿದ್ದವು. ಚರ್ಮದಿಂದ ಸೇರಿಕೊಂಡ ಕಲಬೆರಕೆ ಅದು. ಇನ್ನೊಮ್ಮೆ ಮಾದರಿ ಕೊಡಿ ಎಂದೆವು. "ನನಗೇನೂ ತೊಂದರೆ ಇಲ್ಲವಲ್ಲ" ಎಂದು ಹೋದವರು ಮತ್ತೆ ಬರಲಿಲ್ಲ. ಏಳನೇ ತಿಂಗಳಲ್ಲಿ ಬಂದಾಗ ನಡುಕದ ಚಳಿಜ್ವರ, ಬಲ ಪಕ್ಕೆಯಲ್ಲಿ ಮುಟ್ಟಗೊಡದಷ್ಟು ನೋವು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ದಿನಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ ರಕ್ತನಾಳದ ಮೂಲಕ ಔಷಧಿ ಪಡೆದು ಚೇತರಿಸಿಕೊಂಡರು. ಅಂದು ಆ ಎರಡನೇ ಬಾಟಲಿಗಾಗಿ ಒಂದು ಫೋನ್ ಮಾಡಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ವೈದ್ಯೆ ವರದಿ ನೋಡಿ ಗಾಬರಿಯಾಗಲಿಲ್ಲ, ಹಗುರವಾಗಿಯೂ ತೆಗೆದುಕೊಳ್ಳಲಿಲ್ಲ. "ಬಸುರಿಲ್ಲದ ಆರೋಗ್ಯವಂತೆಯಲ್ಲಿ ಇದೇ ವರದಿ ಬಂದಿದ್ದರೆ ಔಷಧಿ ಕೊಡದೆ ಬಿಡುತ್ತಿದ್ದೆ. ಈಗ ಬಿಡುವುದಿಲ್ಲ" ಎಂದರು. ಒಂದು ಕಾಗದದ ಮೇಲೆ ಎರಡು ಮೂತ್ರಪಿಂಡ, ಅವುಗಳಿಂದ ಇಳಿಯುವ ಎರಡು ನಾಳ ಬರೆದರು. ಪ್ರೊಜೆಸ್ಟರಾನ್ ಹಾರ್ಮೋನಿನಿಂದ ಈ ನಾಳಗಳು ಸಡಿಲವಾಗಿ ಹಿಗ್ಗುತ್ತವೆ, ಬೆಳೆಯುವ ಗರ್ಭಕೋಶ ಮೇಲಿಂದ ಒತ್ತುತ್ತದೆ, ಅದೂ ಬಲಗಡೆ ಹೆಚ್ಚು. ಇಳಿದುಹೋಗಬೇಕಾದ ಮೂತ್ರ ನಿಲ್ಲುತ್ತದೆ. ಕೆಳಗೆ ಸುಮ್ಮನಿದ್ದ ಬ್ಯಾಕ್ಟೀರಿಯಾಕ್ಕೆ ಮೇಲೇರುವ ದಾರಿ ತೆರೆಯುತ್ತದೆ. ಗರ್ಭಿಣಿಯರಲ್ಲಿ 100ಕ್ಕೆ 2ರಿಂದ 10 ಮಂದಿಗೆ ಹೀಗೆ ಲಕ್ಷಣವಿಲ್ಲದ ಸೋಂಕು ಇರುತ್ತದೆ. ಔಷಧಿ ಕೊಡದಿದ್ದರೆ ಅವರಲ್ಲಿ 100ಕ್ಕೆ 20ರಿಂದ 40 ಮಂದಿಗೆ ಮೂತ್ರಪಿಂಡದ ಸೋಂಕು ಬರುತ್ತದೆ ಎಂದು ನಾನು ಪಠ್ಯದಲ್ಲಿ ಓದಿದ್ದೆ. ಕೇಳಿದೆ. "ಅದು ಹಳೆಯ ಲೆಕ್ಕ, ಇತ್ತೀಚೆಗೆ ಅಷ್ಟು ಕಂಡುಬರುತ್ತಿಲ್ಲ ಎನ್ನುವ ಅಧ್ಯಯನಗಳೂ ಇವೆ. ಆದರೆ ಹಾಗೆ ಬಂದರೆ ಅವಧಿಗೆ ಮುನ್ನ ಹೆರಿಗೆಯ ಭಯವೂ ಜೊತೆಗೆ ಬರುತ್ತದೆ" ಎಂದು ನೇರವಾಗಿ ಹೇಳಿದರು. ಆ ನೇರ ಮಾತು ನನಗೆ ಧೈರ್ಯ ಕೊಟ್ಟಿತು.

ಅಳುಕು ಇದ್ದದ್ದು ಔಷಧಿಯ ಬಗ್ಗೆ. ನೋವಿಗೆ ಮಾತ್ರೆ ನುಂಗುವುದು ಸುಲಭ, ಏನೂ ಅನ್ನಿಸದಿರುವಾಗ, ಹೊಟ್ಟೆಯಲ್ಲಿ ಮಗುವಿರುವಾಗ, ಆ್ಯಂಟಿಬಯೋಟಿಕ್ ನುಂಗುವುದು ಬೇರೆಯೇ ಮಾತು. ಅಷ್ಟರಲ್ಲಿ ಯಾವ ಔಷಧಿ ನಾಟುತ್ತದೆ ಎಂಬ ಪರೀಕ್ಷೆಯೂ ಮುಗಿದಿತ್ತು. ಪ್ಲೇಟಿನ ಮೇಲಿಟ್ಟ ನೈಟ್ರೋಫ್ಯುರಾಂಟಾಯಿನ್ ಎಂಬ ಆ್ಯಂಟಿಬಯೋಟಿಕ್‌ನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಅಗಲವಾದ ಖಾಲಿ ವೃತ್ತ. ಹೆರಿಗೆ ಹತ್ತಿರವಾದಾಗ ಇದನ್ನು ಕೊಡುವುದಿಲ್ಲ, ಈಗ ಕೊಡಬಹುದು ಎಂದು ವೈದ್ಯೆ 7 ದಿನಕ್ಕೆ ಬರೆದರು. ಮೊದಲ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಆಮೇಲೆ ಆ ಬಲ ಪಕ್ಕೆಯ ನೋವು ನೆನಪಾಯಿತು, ನುಂಗಿದೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿತು. ಇದನ್ನು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಒಂದು ಹೊತ್ತೂ ತಪ್ಪಿಸಲಿಲ್ಲ.

ಮಾತ್ರೆ ಮುಗಿದು ಒಂದು ವಾರಕ್ಕೆ ಮತ್ತೆ ಕಲ್ಚರ್. ಮರುದಿನ ಬೆಳಗ್ಗೆ ಹಿರಿಯರು ಏನೂ ಹೇಳದೆ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಾಕಿದಾಗ ಹೇಗಿತ್ತೋ ಹಾಗೆಯೇ, ತಿಳಿ ನೀಲಿ-ಹಸಿರು. ಲೂಪ್ ಎಳೆದ ಗೆರೆಗಳಷ್ಟೇ ಮಸುಕಾಗಿ ಕಾಣುತ್ತಿದ್ದವು.

ಸಂಜೆ ವರದಿಯನ್ನು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ ನನ್ನ ಗಂಡ ಅದನ್ನು ಹಿಡಿದು ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು. "ನೋ ಗ್ರೋತ್ ಅಂದರೆ? ಬೆಳವಣಿಗೆ ಇಲ್ಲ ಅಂದರೇನು?" ದಿನಕ್ಕೆ ಹತ್ತಾರು ಸಲ ನಾನು ಟೈಪ್ ಮಾಡುವ ಮಾತದು. ಬಸುರಿಯ ಮನೆಯಲ್ಲಿ ಅದು ಹೇಗೆ ಕೇಳಿಸುತ್ತದೆ ಎಂದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ. ಅವರನ್ನು ಕೂರಿಸಿ, ಬೆಳೆಯದಿರುವುದು ಬ್ಯಾಕ್ಟೀರಿಯಾ ಎಂದು ಬಿಡಿಸಿ ಹೇಳಿದೆ. ನಂಬಿಕೆ ಬರಲೆಂದು ಸ್ಕ್ಯಾನಿಂಗ್ ವರದಿಯನ್ನೂ ತೆಗೆದು ಪಕ್ಕದಲ್ಲಿಟ್ಟೆ. ಅದರಲ್ಲಿ ಮಗುವಿನ ಬೆಳವಣಿಗೆ ವಾರಗಳಿಗೆ ತಕ್ಕಂತಿದೆ ಎಂದಿತ್ತು. ಅವರು ಎರಡೂ ಹಾಳೆಗಳನ್ನು ಮತ್ತೊಮ್ಮೆ ಓದಿ, ಒಂದರ ಹಿಂದೆ ಒಂದಾಗಿ ಫೈಲಿಗೆ ಸೇರಿಸಿ, ಮುಂದಿನ ಮಾದರಿ ಕೊಡಬೇಕಾದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು.