ಬೋರ್ಡಿನ ಮೇಲೆ ‘ಪ್ರೈವೇಟ್ ಲಿಮಿಟೆಡ್’

ಕಳೆದ ವಾರ ಭದ್ರಾವತಿಯಲ್ಲಿ ಪ್ಲಂಬಿಂಗ್ ಗುತ್ತಿಗೆ ಮಾಡುವ ಗೆಳೆಯರೊಬ್ಬರು ನಮ್ಮ ಶಿವಮೊಗ್ಗದ ಅಂಗಡಿಗೆ ಬಂದು, ತಾವೂ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಬೇಕೆಂದಿರುವುದಾಗಿ ಹೇಳಿದರು. ಯಾಕೆಂದು ಕೇಳಿದರೆ, “ಟ್ಯಾಕ್ಸ್ ಉಳಿಯುತ್ತಂತಲ್ಲ ಸಾರ್” ಎಂದರು. ಎಲೆಕ್ಟ್ರಿಕಲ್ ಗುತ್ತಿಗೆಯಲ್ಲಿ ಹದಿನೆಂಟು ವರ್ಷ ಪ್ರೊಪ್ರೈಟರ್ (ಫರ್ಮಿಗೆ ಒಬ್ಬನೇ ಮಾಲೀಕ) ಆಗಿದ್ದು, ನಡುವೆ ಒಮ್ಮೆ ಕಂಪನಿಯನ್ನೂ ಮಾಡಿ ಕೈಸುಟ್ಟುಕೊಂಡಿರುವ ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತೆರಿಗೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ನಮ್ಮಂಥ ಪ್ರೊಪ್ರೈಟರ್‌ಗಳ ವಾರ್ಷಿಕ ವಹಿವಾಟು 2 ಕೋಟಿ ರೂಪಾಯಿಯೊಳಗಿದ್ದರೆ, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣದಲ್ಲಿ ಕನಿಷ್ಠ ಶೇ 6, ನಗದಾಗಿ ಬಂದದ್ದರಲ್ಲಿ ಕನಿಷ್ಠ ಶೇ 8ನ್ನು ಲಾಭವೆಂದು ತೋರಿಸುವ ಅಂದಾಜು ಆದಾಯದ ಪದ್ಧತಿಯನ್ನು ಬಳಸಿಕೊಳ್ಳಬಹುದು. ಆಗ ಆದಾಯ ತೆರಿಗೆಗಾಗಿ ಆಡಿಟ್ ಮಾಡಿಸಬೇಕಾಗಿಲ್ಲ. ಜೊತೆಗೆ 2025-26ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಇಂಥ ವ್ಯವಹಾರದ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿ ಕಳೆದು ತೆರಿಗೆಯೇ ಬರುವುದಿಲ್ಲ. ಕಂಪನಿಗೆ ಇವೆರಡೂ ಇಲ್ಲ. ಅದು ಶೇ 22ರ ದರವನ್ನು ಆಯ್ದುಕೊಂಡರೂ ಸರ್ಚಾರ್ಜ್ ಮತ್ತು ಸೆಸ್ ಸೇರಿ ಲಾಭದ ಮೊದಲ ರೂಪಾಯಿಯಿಂದಲೇ ಸುಮಾರು ಶೇ 25.17 ಕಟ್ಟಬೇಕು. ನಿರ್ದೇಶಕನಾಗಿ ಸಂಬಳ ತೆಗೆದುಕೊಂಡು ಕಂಪನಿಯ ಲಾಭವನ್ನು ಇಳಿಸಬಹುದು, ನಿಜ. ಆದರೆ ಆ ಸಂಬಳ ನನ್ನ ಆದಾಯವೇ ಆಗುವುದರಿಂದ ಸುತ್ತು ಬಳಸಿ ಮತ್ತೆ ಅಲ್ಲಿಗೇ ಬಂದಂತಾಗುತ್ತದೆ. ವರ್ಷಕ್ಕೆ 24 ಲಕ್ಷಕ್ಕಿಂತ ಹೆಚ್ಚು ಸಂಪಾದಿಸಿ, ಅದರ ದೊಡ್ಡ ಪಾಲನ್ನು ಮನೆಗೆ ಒಯ್ಯದೆ ವ್ಯವಹಾರದಲ್ಲೇ ಬಿಡುವವರಿಗೆ ಮಾತ್ರ ಕಂಪನಿಯ ದರದಿಂದ ಅನುಕೂಲವಿದೆ. ನಮ್ಮ ಕಸುಬಿನಲ್ಲಿ ಅಂಥವರು ಎಷ್ಟು ಜನರಿದ್ದಾರೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ನಾನು ಕಂಪನಿ ಮಾಡಿದ್ದು 2021ರಲ್ಲಿ, ಭಾವಮೈದುನನ ಜೊತೆ ಸೇರಿ. ದೊಡ್ಡ ಕಟ್ಟಡಗಳ ಕೆಲಸ ಕೊಡುವವರು ಕಂಪನಿಗಳನ್ನೇ ಕೇಳುತ್ತಾರೆಂಬ ಮಾತನ್ನು ನಂಬಿದ್ದೆವು. ಕಂಪನಿಗೆ ಹೊಸ ಪ್ಯಾನ್ ಬಂತು, ಹಾಗಾಗಿ ಜಿಎಸ್‌ಟಿ ಸಂಖ್ಯೆಯೂ ಹೊಸದಾಯಿತು. ನನ್ನ ಹೆಸರಿನ ಫರ್ಮಿಗಿದ್ದ ಗುತ್ತಿಗೆದಾರರ ಪರವಾನಗಿ ಮತ್ತು ಕೆಲಸದ ಅನುಭವ ಪತ್ರಗಳು ಹಳೆಯ ಬೋರ್ಡಿನ ಹತ್ತಿರವೇ ಉಳಿದವು. ಪ್ರೊಪ್ರೈಟರ್‌ ಆಗಿದ್ದಾಗ ಬಿಲ್ಲಿನ ಮೇಲೆ ಶೇ 1 ಹಿಡಿಯುತ್ತಿದ್ದ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಕಂಪನಿಗೆ ಶೇ 2 ಆಯಿತು. ಅದು ಆಮೇಲೆ ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುವ ಹಣವೇ ಆದರೂ, ವೈರ್ ಬಂಡಲ್ ತರುವ ದಿನ ಅದು ಕೈಯಲ್ಲಿ ಇರುವುದಿಲ್ಲ.

ಒಂದು ದಿನ ಮಗಳ ಕಾಲೇಜು ಶುಲ್ಕಕ್ಕೆಂದು ಕಂಪನಿಯ ಖಾತೆಯಿಂದ 30,000 ರೂಪಾಯಿ ಕಳಿಸಿಬಿಟ್ಟೆ. ಹದಿಮೂರು ವರ್ಷಗಳ ಅಭ್ಯಾಸ. ಗಲ್ಲಾಪೆಟ್ಟಿಗೆ ನನ್ನದೇ ಎಂಬ ಭಾವನೆ. ವರ್ಷದ ಕೊನೆಯಲ್ಲಿ ಆಡಿಟರ್ ಆ ಸಾಲಿನ ಮೇಲೆ ಪೆನ್ಸಿಲಿನಿಂದ ಸುತ್ತು ಹಾಕಿ, “ಇದನ್ನು ಏನಂತ ಬರೆಯಲಿ? ಸಂಬಳವೋ, ಸಾಲವೋ?” ಎಂದು ಕೇಳಿದರು. ಕಂಪನಿಯ ಹಣ ನನ್ನದಲ್ಲ ಎಂಬುದು ಅಲ್ಲಿಯವರೆಗೆ ನನಗೆ ಬಾಯಿಮಾತಾಗಿ ಮಾತ್ರ ಗೊತ್ತಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಎರಡನೆಯ ವರ್ಷ ಬಿತ್ತು. ಕೆಲಸ ಸಿಗದೆ ಕಂಪನಿ ಸುಮ್ಮನಿತ್ತು, ವ್ಯವಹಾರವಿಲ್ಲದ ಮೇಲೆ ಏನು ಸಲ್ಲಿಸುವುದು ಎಂದು ನಾವೂ ಸುಮ್ಮನಿದ್ದೆವು. ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಕಂಪನಿಯ ಲೆಕ್ಕಕ್ಕೆ ಆಡಿಟ್ ಕಡ್ಡಾಯ. ಲೆಕ್ಕಪತ್ರದ ಫಾರ್ಮ್ ಮತ್ತು ವಾರ್ಷಿಕ ರಿಟರ್ನ್ ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ, ಅದಕ್ಕೆ ಮೇಲ್ಮಿತಿಯೂ ಇಲ್ಲ. ನಮಗೆ ಎಚ್ಚರವಾಗುವಷ್ಟರಲ್ಲಿ ಸುಮಾರು 200 ದಿನ ಕಳೆದಿದ್ದವು. ಎರಡೂ ಸೇರಿ 40,000 ರೂಪಾಯಿ ಕಟ್ಟಿ, ಆಮೇಲೆ ಕಂಪನಿಯನ್ನು ಮುಚ್ಚಲು ನೋಂದಣಿಯಿಂದ ಅದರ ಹೆಸರು ತೆಗೆಸುವ ಅರ್ಜಿಗೆ ಮತ್ತೆ 10,000 ಕಟ್ಟಿದೆವು. ತಪ್ಪು ನಮ್ಮದೇ.

ಹಾಗೆಂದು ಕಂಪನಿ ನಿಷ್ಪ್ರಯೋಜಕವೆಂದು ನಾನು ಹೇಳುವುದಿಲ್ಲ. ಪ್ರೊಪ್ರೈಟರ್‌ಗೂ ಅವನ ಫರ್ಮಿಗೂ ಕಾನೂನಿನಲ್ಲಿ ವ್ಯತ್ಯಾಸವಿಲ್ಲದ ಕಾರಣ, ಫರ್ಮಿನ ಸಾಲಕ್ಕೆ ಅವನ ಮನೆಯೂ ಹೊಣೆ. ಲಂಡನ್ನಿನ ಬೂಟು ತಯಾರಕ ಆರನ್ ಸಾಲೊಮನ್ ತನ್ನ ಕಸುಬನ್ನು ಕಂಪನಿಯಾಗಿಸಿ, ಅದು ಮುಳುಗಿದಾಗ, ಅದರ ಸಾಲಕ್ಕೆ ಅವನು ಹೊಣೆಯಲ್ಲವೆಂದು ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ಕೊಟ್ಟ ತೀರ್ಪಿನ ತತ್ವವನ್ನೇ ನಮ್ಮ ನ್ಯಾಯಾಲಯಗಳೂ ಒಪ್ಪಿವೆ. ಆದರೆ ಸಣ್ಣ ಕಂಪನಿಗೆ ಸಾಲ ಕೊಡುವ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಸಾಮಾನ್ಯವಾಗಿ ಕೇಳಿಯೇ ಕೇಳುತ್ತದೆ. ಸಹಿ ಹಾಕಿದ ಮೇಲೆ ಆ ಸಾಲದ ಮಟ್ಟಿಗೆ ಸಾಲೊಮನ್ ನೆರವಿಗೆ ಬರುವುದಿಲ್ಲ. ನಾನೇ ನಿಂತು ಮಾಡಿಸಿದ ಅರ್ಥಿಂಗ್ ಸರಿಯಿಲ್ಲದೆ ಯಾರಿಗಾದರೂ ಶಾಕ್ ಹೊಡೆದರೆ, ಕಂಪನಿಯಿದ್ದರೂ ಆ ನಿರ್ಲಕ್ಷ್ಯಕ್ಕೆ ನಾನು ಖುದ್ದಾಗಿ ಉತ್ತರಿಸಬೇಕಾಗುತ್ತದೆ.

ಭದ್ರಾವತಿಯ ಗೆಳೆಯರ ಬಳಿ ನಾಲ್ಕು ಹುಡುಗರಿದ್ದಾರೆ, ಕೆಲಸವೆಲ್ಲ ಮನೆಗಳದ್ದು, ಬ್ಯಾಂಕ್ ಸಾಲವಿಲ್ಲ. ಪ್ರೊಪ್ರೈಟರ್ ಆಗಿಯೇ ಇದ್ದು, ಸಣ್ಣ ಉದ್ಯಮಗಳಿಗೆ ಉಚಿತವಾಗಿ ಆಗುವ ಉದ್ಯಮ್ ನೋಂದಣಿಯನ್ನು ಮಾಡಿಸಿಕೊಳ್ಳಿ, ಕಂಪನಿಯ ಆಡಿಟ್‌ಗೆ ಕೊಡಬೇಕಾಗುತ್ತಿದ್ದ ಹಣದಲ್ಲಿ ಮೂರನೆಯವರಿಗಾಗುವ ಹಾನಿಯ ವಿಮೆ ಮಾಡಿಸಿ ಎಂದೆ. ನನ್ನ ವಿಷಯದಲ್ಲಿ, ಮಗ ಡಿಪ್ಲೊಮಾ ಮುಗಿಸಿ ಜೊತೆಗೂಡಿದರೆ ಸೀಮಿತ ಹೊಣೆಯ ಪಾಲುದಾರಿಕೆಯಾದ ಎಲ್‌ಎಲ್‌ಪಿ ಮಾಡುವ ಯೋಚನೆಯಿದೆ. ಅದರಲ್ಲಿ ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಇಲ್ಲ. ಫಾರ್ಮ್ ತಡವಾದರೆ ಹೆಚ್ಚುವರಿ ಶುಲ್ಕ ಮಾತ್ರ ಅಲ್ಲಿಯೂ ಇದೆಯೆಂದು ಆಡಿಟರ್ ಈಗಲೇ ಎಚ್ಚರಿಸಿದ್ದಾರೆ.