ಅಲ್ಲಿ ಇದ್ದಿದ್ದು ಲೆಕ್ಕಕ್ಕೆ ಬರುತ್ತಾ?

ಬುಧವಾರ ಬೆಳಗ್ಗೆ ನಮ್ಮ ಮನೆ ಕೆಲಸದ ಅಮ್ಮ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು, ಪ್ಲಾಸ್ಟಿಕ್ ಕವರಿನಿಂದ ಒಂದು ಅರ್ಜಿ ತೆಗೆದರು. ಮನೆಗಾಗಿ ಅರ್ಜಿ. ಹೆಸರು, ರೇಷನ್ ಕಾರ್ಡ್ ನಂಬರ್, ವರಮಾನ ಎಲ್ಲ ಬರೆದೆ. ‘ಬೆಂಗಳೂರಿನಲ್ಲಿ ಎಷ್ಟು ವರ್ಷದಿಂದ ವಾಸ?’ ಅನ್ನುವ ಕಡೆ ಬಂದಾಗ ಅವರು ತಡೆದರು.

“ಈಜಿಪುರ ಕ್ವಾರ್ಟರ್ಸಲ್ಲಿ ಹದಿಮೂರು ವರ್ಷ ಇದ್ದೆ ಮೇಡಂ. ಅಲ್ಲಿ ಇದ್ದಿದ್ದು ಲೆಕ್ಕಕ್ಕೆ ಬರುತ್ತಾ?”

ನನಗೆ ತಕ್ಷಣ ಉತ್ತರ ಬರಲಿಲ್ಲ. ಕೋರಮಂಗಲದ ಪಕ್ಕ, ಬಡವರಿಗೆ ಅಂತಲೇ ಸರ್ಕಾರದ ಕಡೆಯಿಂದ ಕಟ್ಟಿಸಿದ್ದ ಕ್ವಾರ್ಟರ್ಸ್ ಅದು. 42 ಬ್ಲಾಕ್, 1,512 ಪುಟ್ಟ ಮನೆಗಳು. ಕಟ್ಟಿದ್ದು ಎಷ್ಟು ಕಳಪೆ ಅಂದರೆ, ಬ್ಲಾಕ್‌ಗಳು ಕುಸಿಯೋಕೆ ಶುರುವಾದವು. ಆಮೇಲೆ ಅದೇ ಜಾಗದಲ್ಲಿ ತಗಡಿನ ಶೆಡ್ಡು. ಅಮ್ಮ ಎರಡರಲ್ಲೂ ಇದ್ದವರು, ಬಾಡಿಗೆಗೆ. ಅಲ್ಲೇ ಇತ್ತು ತೊಡಕು. ಹದಿನೈದು ಎಕರೆಗೂ ಮಿಕ್ಕ ಜಾಗದಲ್ಲಿ ಅರ್ಧ ಮಾಲ್‌ಗೆ, ಅರ್ಧ ಮನೆಗಳಿಗೆ ಅಂತ ಖಾಸಗಿಯವರ ಜೊತೆ ಒಪ್ಪಂದವಾಯಿತು. ಮನೆ ಕೊಡ್ತೀವಿ ಅಂದಿದ್ದು, ಮೊದಲು ಕ್ವಾರ್ಟರ್ಸ್ ಹಂಚಿಕೆಯಾಗಿದ್ದವರಿಗೆ. ‘ನಮಗೂ ಇಲ್ಲೇ ಕೊಡಿ’ ಅಂತ ಬಾಡಿಗೆಯವರು ಕೇಳುತ್ತಲೇ ಇದ್ದರು. 2013ರ ಜನವರಿಯಲ್ಲಿ, ಸಂಕ್ರಾಂತಿ ಆದ ವಾರದೊಳಗೇ, ಜೆಸಿಬಿಗಳು ಬಂದವು. ಸಾವಿರಕ್ಕೂ ಜಾಸ್ತಿ ಶೆಡ್ಡುಗಳು ಹೋದವು. ಎಷ್ಟೋ ಸಂಸಾರಗಳು ಪಕ್ಕದ ಫುಟ್‌ಪಾತ್ ಮೇಲೇ ವರ್ಷಗಟ್ಟಲೆ ಉಳಿದವು.

“ಊರಾಚೆ ಸರ್ಜಾಪುರದ ಕಡೆ ಮನೆ ಕೊಡ್ತೀವಿ ಅಂದಿದ್ರಲ್ಲ, ಯಾಕೆ ಹೋಗಲಿಲ್ಲ?” ಅಂತ ಕೇಳಿದೆ. ಕೇಳಬಾರದಿತ್ತು.

“ಬೆಳಿಗ್ಗೆ ಆರಕ್ಕೆ ಕೋರಮಂಗಲದಲ್ಲಿ ಮೊದಲನೇ ಮನೆ ಮೇಡಂ. ಅಷ್ಟೊತ್ತಿಗೆ ಅಲ್ಲಿಂದ ಬಸ್ಸೆಲ್ಲಿ? ಮಗ ಆಗ ಏಳನೇ ಕ್ಲಾಸು.”

ಅರ್ಜಿ ಬರೆಯುವಾಗ ಎದುರುಮನೆಯವರು ಬಂದರು. ಒಳ್ಳೆಯವರೇ, ಹಬ್ಬಕ್ಕೆ ಸೀರೆ ಕೊಡುತ್ತಾರೆ. ಆದರೆ “ಬಾಡಿಗೆಯವರಿಗೆಲ್ಲ ಮನೆ ಕೊಡ್ತಾ ಹೋದರೆ ಹೇಗೆ?” ಅಂದರು. ಅಮ್ಮ ತಲೆ ತಗ್ಗಿಸಿದರು. ನನಗೆ ಸಿಟ್ಟು ಬಂತು. ಇವರ ಅಡುಗೆಮನೆಯನ್ನೂ ದಿನಾ ತಿಕ್ಕಿ ತೊಳೆಯುವುದು ಅದೇ ಬಾಡಿಗೆಯ ಅಮ್ಮ. ಅವರು ಹತ್ತಿರದಲ್ಲೇ ಇರಬೇಕು, ಹೊತ್ತಿಗೆ ಸರಿಯಾಗಿ ಬರಬೇಕು, ಆದರೆ ಹತ್ತಿರದಲ್ಲಿ ಮನೆ ಮಾತ್ರ ಕೇಳಬಾರದು ಅಂದರೆ ಹೇಗೆ?

ಆ ಕ್ವಾರ್ಟರ್ಸ್ ಇದ್ದ ಜಾಗದ ಪಕ್ಕದಲ್ಲೇ ನ್ಯಾಷನಲ್ ಗೇಮ್ಸ್ ವಿಲೇಜ್ ಇದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದ ಆಟಗಾರರಿಗೆ ಕಟ್ಟಿದ ಎತ್ತರದ ಕಟ್ಟಡಗಳು. ಅವುಗಳಲ್ಲಿ ಬಹಳಷ್ಟು ಇನ್ನೂ ನಿಂತಿವೆ. ಒಂದೇ ಊರು, ಹೆಚ್ಚುಕಡಿಮೆ ಅದೇ ಕಾಲ. ಗಟ್ಟಿಯಾಗಿ ಕಟ್ಟೋಕೆ ನಮಗೆ ಬರುತ್ತೆ ಅಲ್ವಾ? ಯಾರಿಗೆ ಕಟ್ಟುತ್ತೇವೆ ಅನ್ನುವುದರ ಮೇಲೆ ಸಿಮೆಂಟಿನ ಪಾಲು ಬದಲಾಯಿತೇ? ಬುಧವಾರದಿಂದ ಇದೇ ಯೋಚನೆ. ರಾತ್ರಿ ಮಲಗಿದರೂ ಅದೇ ಮಾತು. ‘ಅಲ್ಲಿ ಇದ್ದಿದ್ದು ಲೆಕ್ಕಕ್ಕೆ ಬರುತ್ತಾ?’ ಬಾಡಿಗೆ ಕಟ್ಟಿದ್ದಾರೆ, ಮಗುವನ್ನು ಅಲ್ಲೇ ಬೆಳೆಸಿದ್ದಾರೆ, ನೀರಿಗೆ ಕೊಡ ಹಿಡಿದು ಸಾಲು ನಿಂತಿದ್ದಾರೆ. ಇಷ್ಟೆಲ್ಲ ಆದಮೇಲೂ ಅದನ್ನು ಅವರು ನನ್ನಂಥವಳ ಹತ್ತಿರ ಕೇಳಿ ತಿಳಿಯಬೇಕಾಯಿತು.

ಕವರಿನಿಂದ ಅಮ್ಮ ಹಳೇ ವೋಟರ್ ಕಾರ್ಡ್ ತೆಗೆದರು. ಅದರಲ್ಲಿ ಇನ್ನೂ ಕ್ವಾರ್ಟರ್ಸಿನ ವಿಳಾಸ ಇತ್ತು.

“ಆಗ ಓಟಿಗೆ ಇದೇ ನಡೀತಿತ್ತು. ಈಗ ನಡಿಯುತ್ತಾ?”

ಹದಿಮೂರು ವರ್ಷವನ್ನೂ ಸೇರಿಸಿ ಬರೆದೆ. ಕಾರ್ಡಿನ ಜೆರಾಕ್ಸ್ ಲಗತ್ತಿಸಿದೆ. ಸೋಮವಾರ ಕಚೇರಿಯಲ್ಲಿ ಸಾಲು ನಿಲ್ಲಬೇಕು. ಮೂರು ಮನೆಯಲ್ಲಿ ರಜೆ ಕೇಳಿದ್ದಾರಂತೆ. ಎರಡು ಮನೆಯವರು ಒಪ್ಪಿದ್ದಾರೆ.