ಶೂಟಿಂಗ್ ಮುಗಿದ ಮೇಲೂ ಪಾತ್ರದಲ್ಲೇ ಇರಬೇಕೇ?

ನಟನೆ ಕಲಿಯಲು ಬರುವವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ: "ಮೆಥಡ್ ಆಕ್ಟಿಂಗ್ ಅಂದ್ರೆ ಮನೆಗೆ ಹೋದ್ಮೇಲೂ ಪಾತ್ರದಲ್ಲೇ ಇರೋದು ತಾನೇ ಸರ್?" ಅಲ್ಲ. ಆ ಪದ್ಧತಿಗೆ ಅಮೆರಿಕದಲ್ಲಿ ರೂಪ ಕೊಟ್ಟ ಲೀ ಸ್ಟ್ರಾಸ್‌ಬರ್ಗ್ ಕಲಿಸಿದ್ದು ಭಾವವನ್ನು ಬೇಕಾದಾಗ ಕರೆಯುವುದನ್ನು, ದೃಶ್ಯ ಮುಗಿದಾಗ ಬಿಡುವುದನ್ನು. ಇಡೀ ದಿನ ಹೊತ್ತು ತಿರುಗುವುದನ್ನಲ್ಲ. ಅವರು ಮೇಷ್ಟ್ರಾಗುವ ಮೊದಲು ನಾಟಕದ ನಿರ್ದೇಶಕರಾಗಿದ್ದರು. ಅವರ ಪಾಠಗಳ ಬೇರು ಇರುವುದು ಅಲ್ಲೇ.

ಸ್ಟ್ರಾಸ್‌ಬರ್ಗ್ ಹುಟ್ಟಿದ್ದು 1901ರಲ್ಲಿ, ಆಗಿನ ಆಸ್ಟ್ರಿಯಾ-ಹಂಗೇರಿಯಲ್ಲಿ. ಬಾಲ್ಯದಲ್ಲೇ ನ್ಯೂಯಾರ್ಕಿಗೆ ಬಂದರು. 1923ರಲ್ಲಿ ರಷ್ಯಾದ ನಾಟಕ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯ ಮಾಸ್ಕೋ ಆರ್ಟ್ ಥಿಯೇಟರ್ ಅಲ್ಲಿ ನಾಟಕಗಳನ್ನು ಆಡಿದಾಗ ನೋಡಿ, ಮರುವರ್ಷ ಆ ಪರಂಪರೆಯ ಬೊಲೆಸ್ಲಾವ್‌ಸ್ಕಿ ಮತ್ತು ಊಸ್ಪೆನ್‌ಸ್ಕಯಾ ಅವರ ಬಳಿ ಕಲಿಯಲು ಸೇರಿದರು. 1931ರಲ್ಲಿ ಹೆರಾಲ್ಡ್ ಕ್ಲರ್ಮನ್, ಚೆರಿಲ್ ಕ್ರಾಫರ್ಡ್ ಜೊತೆ ಗ್ರೂಪ್ ಥಿಯೇಟರ್ ಎಂಬ ನಾಟಕ ತಂಡ ಕಟ್ಟಿದರು. 1933ರಲ್ಲಿ ಅವರು ನಿರ್ದೇಶಿಸಿದ 'ಮೆನ್ ಇನ್ ವೈಟ್' ಆಸ್ಪತ್ರೆಯ ನಾಟಕ. ಅದರ ಶಸ್ತ್ರಚಿಕಿತ್ಸೆಯ ದೃಶ್ಯದಲ್ಲಿ ಮಾತು ತೀರಾ ಕಡಿಮೆ, ಕೆಲಸವೇ ಎಲ್ಲ. ಡಾಕ್ಟರು, ನರ್ಸುಗಳ ಕೈ ತಪ್ಪಿದರೆ ದೃಶ್ಯವೇ ಬಿದ್ದುಹೋಗುತ್ತದೆ.

ಬ್ರಾಡ್‌ವೇಯಲ್ಲಿ (ನ್ಯೂಯಾರ್ಕಿನ ದೊಡ್ಡ ವೃತ್ತಿ ರಂಗಮಂದಿರಗಳಲ್ಲಿ) ವಾರಕ್ಕೆ ಎಂಟು ಪ್ರದರ್ಶನ. ಸೋಮವಾರ ನಿಜವಾಗಿ ಬಂದ ಕಣ್ಣೀರು ಗುರುವಾರ ಬರುವುದಿಲ್ಲ, ಶನಿವಾರದ ಹೊತ್ತಿಗೆ ನಟ ಕಣ್ಣೀರಿನ ನಕಲು ಮಾಡತೊಡಗುತ್ತಾನೆ. ತಾಲೀಮಿನಲ್ಲಿ ಸಿಕ್ಕಿದ್ದನ್ನು ಪರದೆ ಏಳುವ ಹೊತ್ತಿಗೆ ಮತ್ತೆ ತರಿಸುವುದು ಹೇಗೆ? ಸ್ಟ್ರಾಸ್‌ಬರ್ಗ್ ಜೀವನವಿಡೀ ಬೆನ್ನುಹತ್ತಿದ್ದು ಈ ಒಂದು ಪ್ರಶ್ನೆಯನ್ನು. 1937ರಲ್ಲಿ ಅವರು ಗ್ರೂಪ್ ಬಿಟ್ಟರು. ಆಮೇಲಿನ ವರ್ಷಗಳಲ್ಲಿ ನಿರ್ದೇಶಕರಾಗಿ ಹೇಳಿಕೊಳ್ಳುವಂಥ ಯಶಸ್ಸು ಸಿಗಲಿಲ್ಲ. 1947ರಲ್ಲಿ ಬೇರೆಯವರು ಶುರುಮಾಡಿದ್ದ ಆ್ಯಕ್ಟರ್ಸ್ ಸ್ಟುಡಿಯೋ ಎಂಬ ನಟರ ಅಭ್ಯಾಸ ಕೇಂದ್ರಕ್ಕೆ ಪಾಠ ಮಾಡಲು ಬಂದು, 1951ರಲ್ಲಿ ಅದರ ಆರ್ಟಿಸ್ಟಿಕ್ ಡೈರೆಕ್ಟರ್, ಅಂದರೆ ಕಲಾ ಮುಖ್ಯಸ್ಥರಾದರು. 1982ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಅಲ್ಲಿ ದೃಶ್ಯ ಆಡಿದವರು ಮೊದಲು ತಾವು ಯಾವುದರ ಮೇಲೆ ಕೆಲಸ ಮಾಡುತ್ತಿದ್ದೆವು ಎಂದು ಹೇಳಬೇಕಿತ್ತು, ವಿಮರ್ಶೆ ಆಮೇಲೆ. ಪಾಠಶಾಲೆ ನಡೆಸುವ ಎಲ್ಲರೂ ಅನುಸರಿಸಬೇಕಾದ ಕ್ರಮ ಇದು.

ಪಾಠ ಶುರುವಾಗುವುದು ಕುರ್ಚಿಯಲ್ಲಿ. ಕೈಹಿಡಿ ಇಲ್ಲದ ಸಾಧಾರಣ ಕುರ್ಚಿ. ಅದರಲ್ಲೇ ನಿದ್ದೆ ಮಾಡಬಹುದು ಅನ್ನಿಸುವ ಭಂಗಿ ಹುಡುಕಿ, ಕೈ, ಕಾಲು, ಭುಜಗಳನ್ನು ಒಂದೊಂದಾಗಿ ಅಲ್ಲಾಡಿಸಿ ಬಿಗಿ ಎಲ್ಲಿದೆ ನೋಡಿಕೊಳ್ಳಬೇಕು. ಅವರು ವಿಶೇಷವಾಗಿ ಗಮನಿಸುತ್ತಿದ್ದ ಜಾಗಗಳು ಕಣತಲೆ, ಮೂಗಿನ ಬುಡದಿಂದ ರೆಪ್ಪೆಯವರೆಗೆ, ಮೂಗಿನ ಪಕ್ಕದಿಂದ ಬಾಯಿ-ಗದ್ದದವರೆಗಿನ ಸ್ನಾಯು, ಮತ್ತು ಕತ್ತಿನ ಹಿಂಭಾಗ. ಒಳಗೆ ಏನಾದರೂ ಉಕ್ಕಿದರೆ ತಡೆಯದೆ 'ಆ...' ಎಂದು ದನಿ ಬಿಡಬೇಕು. ನಮ್ಮಲ್ಲಿ ಇದನ್ನು ಯೋಗದ ಶವಾಸನದಂತೆ ಮಾಡಿಸಿ ಹಾಳುಮಾಡುತ್ತಾರೆ. ಮಂಪರು ಬಂದರೆ ಅಭ್ಯಾಸ ಕೆಟ್ಟಿತು. ಮೈ ಸಡಿಲವಾಗಿರಬೇಕು, ಮನಸ್ಸು ಎಚ್ಚರವಾಗಿರಬೇಕು.

ಆಮೇಲಿನ ಅಭ್ಯಾಸ ಬೆಳಗಿನ ಕಾಫಿ. ಕೈಯಲ್ಲಿ ಲೋಟ ಇರುವುದಿಲ್ಲ. ನಮ್ಮ ಸ್ಟೀಲ್ ಲೋಟವನ್ನೇ ತೆಗೆದುಕೊಳ್ಳಿ. ಕಾಫಿ ತುಂಬಿದ ಕಡೆ ಬೆರಳು ಸುಡುತ್ತದೆ, ಹಾಗಾಗಿ ಹೆಬ್ಬೆರಳು ಮತ್ತು ತೋರುಬೆರಳು ಅಂಚಿನ ಹತ್ತಿರ ಹಿಡಿಯುತ್ತವೆ. ಅಂಚಿನ ಮಡಿಕೆ ಯಾವ ಬೆರಳಿಗೆ ತಾಗುತ್ತಿದೆ? ಭಾರ ಮಣಿಕಟ್ಟಿನಲ್ಲಿದೆಯೋ ಮೊಣಕೈಯಲ್ಲೋ? ಮೂಗಿನ ಬಳಿ ತಂದಾಗ ಮೊದಲು ಬರುವುದು ಹಬೆಯೋ ವಾಸನೆಯೋ? ಪ್ರತಿದಿನ ನಿಜವಾದ ಲೋಟದ ಜೊತೆ ಗಮನಿಸಿ, ನಂತರ ಲೋಟ ಬಿಟ್ಟು ಹುಡುಕಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಕಾಫಿ ಕುಡಿಯುವ ಮೂಕಾಭಿನಯ ಮಾಡುವುದು. ನೋಡುವವರಿಗೆ ಲೋಟ ಕಾಣಿಸಬೇಕಾದ ಅಗತ್ಯವೇ ಇಲ್ಲ, ನಟನಿಗೆ ಬಿಸಿ ತಾಗಿದರೆ ಸಾಕು. ಕನ್ನಡಿ, ಸಾಕ್ಸು-ಶೂ, ಬಿಸಿಲು, ಚುರುಕಾದ ನೋವು, ಸ್ನಾನದ ನೀರು ಮುಂತಾದವು ಇದರ ನಂತರ.

ಜನ ಹೆದರುವುದು ಭಾವಸ್ಮರಣೆಗೆ. ಸ್ವಂತ ಬದುಕಿನ ಒಂದು ಘಟನೆಯನ್ನು ಆರಿಸಿಕೊಂಡು ದೃಶ್ಯಕ್ಕೆ ಬಳಸುವುದು. ಸ್ಟ್ರಾಸ್‌ಬರ್ಗ್ ಇಟ್ಟ ನಿಯಮ, ಆ ಘಟನೆ ಕನಿಷ್ಠ ಏಳು ವರ್ಷ ಹಳೆಯದಾಗಿರಬೇಕು. ಮೊನ್ನೆಯ ಸಾವನ್ನು ತಂದರೆ ನಟನ ಹಿಡಿತ ತಪ್ಪುತ್ತದೆ, ಜೊತೆಗೆ ಅದು ನಾಳೆಯೂ ಇದೇ ಫಲ ಕೊಡುತ್ತದೆ ಎಂಬ ಭರವಸೆ ಇಲ್ಲ. ಇನ್ನೊಂದು ಮುಖ್ಯ ಮಾತು, ದುಃಖವನ್ನು ನೇರವಾಗಿ ನೆನೆಯುವಂತಿಲ್ಲ. ಆ ಕೋಣೆಯ ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಉಟ್ಟಿದ್ದ ಬಟ್ಟೆ ಮೈಗೆ ಹೇಗೆ ತಾಗುತ್ತಿತ್ತು, ಯಾರ ದನಿ ಕೇಳಿಸಿತು ಎಂದಷ್ಟೇ ಕೇಳಿಕೊಳ್ಳುತ್ತ ಹೋಗಬೇಕು. ಯಾವುದೋ ಒಂದು ವಿವರದಲ್ಲಿ ಭಾವ ತಾನಾಗಿ ಬರುತ್ತದೆ. ಆ ವಿವರವೇ ನಟನ ಕೀಲಿ. ಪ್ರವೇಶಕ್ಕೆ ಸ್ವಲ್ಪ ಮುಂಚೆ ಅದನ್ನು ಮುಟ್ಟಿದರಾಯಿತು. ಹೀಗೆ ಕರೆದಾಗ ಬರುವ ಭಾವವನ್ನು ಊಟದ ಹೊತ್ತಿನಲ್ಲೂ ಕಟ್ಟಿಕೊಂಡು ಕೂರುವ ಅಗತ್ಯವೇನಿದೆ?

ಇದಕ್ಕೆ ವಿರೋಧ ಹುಟ್ಟಿದ್ದು ಗ್ರೂಪ್ ಥಿಯೇಟರಿನ ಒಳಗೇ. ನಟಿ ಸ್ಟೆಲ್ಲಾ ಆಡ್ಲರ್ 1934ರಲ್ಲಿ ಪ್ಯಾರಿಸ್‌ನಲ್ಲಿ ಸ್ಟಾನಿಸ್ಲಾವ್‌ಸ್ಕಿಯ ಜೊತೆಯಲ್ಲೇ ಐದು ವಾರ ಕೆಲಸ ಮಾಡಿ ಬಂದು, ಒತ್ತು ಕೊಡಬೇಕಾದದ್ದು ನಾಟಕದ ಸನ್ನಿವೇಶಕ್ಕೆ ಮತ್ತು ಕ್ರಿಯೆಗೆ, ಸ್ವಂತ ನೆನಪಿಗಲ್ಲ ಎಂದರು. ಆಡ್ಲರ್ ಎತ್ತಿದ ದೋಷ ನಿಜ. ನೆನಪಿನೊಳಗೆ ಇಳಿದ ನಟನ ಕಣ್ಣು ಎದುರಿನವರನ್ನು ನೋಡುವುದಿಲ್ಲ, ದನಿ ಹಿಂದಿನ ಸಾಲಿಗೆ ಕೇಳುವುದಿಲ್ಲ, ಮಾತಿನ ನಡುವೆ ಅನಗತ್ಯ ವಿರಾಮಗಳು ತುಂಬುತ್ತವೆ. 1964ರಲ್ಲಿ ಸ್ಟ್ರಾಸ್‌ಬರ್ಗ್ ಮತ್ತೆ ನಿರ್ದೇಶನಕ್ಕೆ ಇಳಿದು ಮಾಡಿಸಿದ ಚೆಕಾವ್‌ನ 'ತ್ರೀ ಸಿಸ್ಟರ್ಸ್' ಮರುವರ್ಷ ಲಂಡನ್ನಿಗೆ ಹೋದಾಗ ವಿಮರ್ಶಕರು ಅದನ್ನು ಹರಿದುಹಾಕಿದರು. ಪೌರಾಣಿಕ ನಾಟಕದ ಉದ್ದ ಮಾತುಗಳಿಗೆ, ಕಂದಪದ್ಯಗಳಿಗೆ ಈ ಅಭ್ಯಾಸ ಬಹಳ ಉಪಯೋಗಕ್ಕೆ ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಉಸಿರು ಮತ್ತು ಲಯ ಮೊದಲು. ಕ್ಯಾಮೆರಾ ಮುಂದೆ, ಸಣ್ಣ ರಂಗಮಂದಿರದಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ.

ಪಾತ್ರ ಬಿಡದೆ ಇರುವುದಕ್ಕೆ ಜನ ಮೊದಲು ಹೆಸರಿಸುವ ಡೇನಿಯಲ್ ಡೇ-ಲೂಯಿಸ್ ಕಲಿತದ್ದು ಇಂಗ್ಲೆಂಡಿನ ಬ್ರಿಸ್ಟಲ್ ಓಲ್ಡ್ ವಿಕ್ ಶಾಲೆಯಲ್ಲಿ. ಮಾರ್ಲನ್ ಬ್ರ್ಯಾಂಡೊ ಹೆಚ್ಚಾಗಿ ಕಲಿತದ್ದು ಆಡ್ಲರ್ ಬಳಿ. ಸ್ಟ್ರಾಸ್‌ಬರ್ಗ್ ಅವರ ಪಾಠ ತೆರೆಯ ಮೇಲೆ ಹೇಗೆ ಕಾಣುತ್ತದೆ ಎಂದು ನೋಡಬೇಕಿದ್ದರೆ ಶಿಷ್ಯ ಅಲ್ ಪಚಿನೊ ಜೊತೆ ಅವರೇ ನಟಿಸಿದ, 1974ರ 'ಗಾಡ್‌ಫಾದರ್' ಎರಡನೇ ಭಾಗ ನೋಡಿ. ಮೋ ಗ್ರೀನ್ ಎಂಬ ಗೆಳೆಯನ ಕೊಲೆಯ ಬಗ್ಗೆ ಅವರ ಪಾತ್ರವಾದ ಹೈಮನ್ ರಾತ್ ಮಾತಾಡುವ ದೃಶ್ಯದಲ್ಲಿ ಅವರ ಮುಖ, ಕತ್ತುಗಳಲ್ಲಿ ಬಿಗಿ ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಒಮ್ಮೆ ಸದ್ದು ತೆಗೆದು ಗಮನಿಸಿ.